ಪ್ರವಾಸದ ವಿಮೆ, ವಾಸದ ವಿಮೆ

ವಿಮೆ ಎಂಬ ಮಾತು ಕನ್ನಡಕ್ಕೆ ಹೊರಗಿನಿಂದ ಬಂದದ್ದು. ಪಾರ್ಸಿಯಲ್ಲಿ 'ಬೀಮ್' ಎಂದರೆ ಭಯ. ಅದರಿಂದ 'ಬೀಮಾ' ಆಯಿತು. ಅದು ಹಿಂದುಸ್ತಾನಿಯ ದಾರಿಯಾಗಿ ನಮ್ಮ ನಾಲಗೆಗೆ ಬಂದು 'ವಿಮೆ'ಯಾಗಿ ನೆಲೆಯೂರಿತು. ಭಯದಿಂದ ಹುಟ್ಟಿದ ಪದವೇ ಅಭಯವನ್ನು ಮಾರುವ ವ್ಯವಹಾರಕ್ಕೆ ಹೆಸರಾದದ್ದು ಭಾಷೆಯ ಸೋಜಿಗಗಳಲ್ಲಿ ಒಂದು. ಇಂದು ನಾನು ಹೇಳಬೇಕೆಂದಿರುವುದು ಈ ವಿಮೆಯ ಒಂದು ಶಾಖೆಯನ್ನು ಕುರಿತು ಮಾತ್ರ: ಬಹುಕಾಲ ಪರದೇಶದಲ್ಲಿ ನೆಲೆಸುವವರು ತಮ್ಮ ಆರೋಗ್ಯಕ್ಕೆ ಎಂಥ ವಿಮೆಯನ್ನು ಆರಿಸಿಕೊಳ್ಳಬೇಕು ಎಂಬುದನ್ನು. ಕನ್ನಡದ ಮೇಷ್ಟರಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ವಿಮೆಯ ಪತ್ರವೆಂಬುದು ಎಲ್ಲಕ್ಕಿಂತ ಮೊದಲು ಒಂದು ಬರಹ; ಬರಹವನ್ನು ಓದಿ ಅದರ ಅರ್ಥವನ್ನು ಬಿಡಿಸಿ ಹೇಳುವುದು ಮೂವತ್ತೈದು ವರ್ಷ ನನ್ನ ವೃತ್ತಿಯಾಗಿತ್ತು. ಅಷ್ಟು ಅಧಿಕಾರ ಸಾಕೆಂದು ಭಾವಿಸುತ್ತೇನೆ.

ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ವಾಸಿಸುವ ನಮಗೆ ಇದು ದೂರದ ವಿಷಯವಲ್ಲ. ನಮ್ಮ ಬಾಲ್ಯದಲ್ಲಿ ಹಾಸನದ ಕಾಲೇಜಿಗೆ ಸೇರುವುದೇ ದೊಡ್ಡ ಪ್ರಯಾಣವಾಗಿತ್ತು; ಮೈಸೂರಿಗೆ ಹೋದವನು ಪರದೇಶಕ್ಕೆ ಹೋದಂತೆ. ಇಂದು ಕಾಫಿ ತೋಟದ ನಡುವಿನ ಎಷ್ಟೋ ದೊಡ್ಡ ಮನೆಗಳಲ್ಲಿ ಇಬ್ಬರು ವೃದ್ಧರು ಮಾತ್ರ ಉಳಿದಿದ್ದಾರೆ. ಮಕ್ಕಳು ಟೊರಾಂಟೊ, ಮೆಲ್ಬರ್ನ್, ಫ್ರಾಂಕ್‌ಫರ್ಟ್ ನಗರಗಳಲ್ಲಿದ್ದಾರೆ. ತೋಟವಿಲ್ಲದ ಮನೆಗಳ ಹುಡುಗರು ಡ್ರೈವರುಗಳಾಗಿ, ಎಲೆಕ್ಟ್ರಿಷಿಯನ್ನರಾಗಿ ದುಬೈ, ದೋಹಾ, ರಿಯಾದ್‌ಗಳಿಗೆ ಹೋಗಿದ್ದಾರೆ. ಹೋದವರು ಅಲ್ಲಿ ಕಾಯಿಲೆ ಬಿದ್ದರೆ ಗತಿಯೇನು, ಅವರನ್ನು ನೋಡಲು ಹೋದ ತಂದೆತಾಯಿ ಕಾಯಿಲೆ ಬಿದ್ದರೆ ಗತಿಯೇನು, ಎಲ್ಲರೂ ಒಂದು ದಿನ ಹಿಂದಿರುಗಿ ಬಂದಾಗ ಗತಿಯೇನು ಎಂಬ ಮೂರು ಪ್ರಶ್ನೆಗಳು ಈ ಮನೆಗಳಲ್ಲಿ ಮತ್ತೆ ಮತ್ತೆ ಏಳುತ್ತವೆ.

ಉತ್ತರಕ್ಕೆ ತೊಡಗುವ ಮುನ್ನ ವಿಮೆಯೆಂದರೆ ಏನೆಂಬುದನ್ನು ನಮ್ಮ ನೆಲದ ಮಾತಿನಲ್ಲೇ ತಿಳಿದುಕೊಳ್ಳುವುದು ಒಳ್ಳೆಯದು. ಮಲೆನಾಡಿನ ರೈತನಿಗೆ ಮುಯ್ಯಾಳು ಗೊತ್ತು. ನನ್ನ ಗದ್ದೆಯ ನಾಟಿಗೆ ನಿನ್ನ ಮನೆಯವರು ಬರುತ್ತಾರೆ. ನಿನ್ನ ಗದ್ದೆಯ ನಾಟಿಗೆ ನನ್ನ ಮನೆಯವರು ಹೋಗುತ್ತಾರೆ. ಈ ಕೊಡುಕೊಳೆಗೆ ಹಣ ಬೇಡ, ಪತ್ರ ಬೇಡ. ನೆನಪೇ ಲೆಕ್ಕದ ಪುಸ್ತಕ. ಆರೋಗ್ಯವಿಮೆಯೂ ಒಂದು ಮುಯ್ಯಿಯೇ. ವ್ಯತ್ಯಾಸವೆಂದರೆ ಇಲ್ಲಿ ಮುಯ್ಯಿ ಹಾಕುವವರು ಒಬ್ಬರನ್ನೊಬ್ಬರು ಕಂಡವರಲ್ಲ. ಲಕ್ಷಾಂತರ ಜನ ವರ್ಷಕ್ಕೊಮ್ಮೆ ಕಂತು ಕಟ್ಟುತ್ತಾರೆ. ಅವರಲ್ಲಿ ಆ ವರ್ಷ ಕಾಯಿಲೆ ಬಿದ್ದ ಕೆಲವರ ವೆಚ್ಚವನ್ನು ಆ ಒಟ್ಟು ಹಣ ಹೊರುತ್ತದೆ. ಆದರೆ ಮುಯ್ಯಿಗೆ ಒಂದು ಕಟ್ಟಳೆಯಿದೆ: ಅದು ಊರಿನೊಳಗೆ ಮಾತ್ರ ನಡೆಯುತ್ತದೆ. ಊರು ಬಿಟ್ಟು ಹೋದವನ ಗದ್ದೆಗೆ ಮುಯ್ಯಾಳು ಹೋಗುವುದಿಲ್ಲ. ಆರೋಗ್ಯವಿಮೆಯ ಸ್ವಭಾವವೂ ಬಹುಮಟ್ಟಿಗೆ ಹೀಗೆಯೇ. ಅದು ಒಂದು ನೆಲಕ್ಕೋ ಒಂದು ನೌಕರಿಗೋ ಒಂದು ಅವಧಿಗೋ ಕಟ್ಟುಬಿದ್ದಿರುತ್ತದೆ. ಪರದೇಶವಾಸಿಯ ಕಷ್ಟವೆಲ್ಲ ಈ ಒಂದು ಸಂಗತಿಯಿಂದ ಹುಟ್ಟುತ್ತದೆ.

ಈ ಕಷ್ಟ ಹೊಸದೂ ಅಲ್ಲ. ನಮ್ಮ ಗುಡ್ಡಗಳೇ ಒಂದು ಕಾಲಕ್ಕೆ ಪರರಿಗೆ ಪರದೇಶವಾಗಿದ್ದವು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ತೋಟಗಾರ ಮಂಜರಾಬಾದ್ ಸೀಮೆಯಲ್ಲಿ ನೆಲೆಸಿ ಕಾಫಿ ಬೆಳೆದ. ಮೈಸೂರು ಸೀಮೆಯ ಚಿನ್ನ, ಬೇಟೆ, ಕಾಫಿ ಬೇಸಾಯಗಳನ್ನು ಕುರಿತ ಅವನ ಪುಸ್ತಕ 1894ರಲ್ಲಿ ಅಚ್ಚಾಯಿತು. ಅಂದಿನ ತೋಟಗಾರರಿಗೂ, ಘಟ್ಟದ ಕೆಳಗಿನಿಂದ ಹತ್ತಿ ಬಂದ ಕೂಲಿಕಾರರಿಗೂ ಸಮಾನವಾದ ಶತ್ರುವೆಂದರೆ ಮಲೇರಿಯಾ ಜ್ವರ. ದೊರೆಗೆ ಕ್ವಿನೈನ್ ಇತ್ತು, ಹಿಂದಿರುಗಲು ಹಡಗಿತ್ತು. ಕೂಲಿಯವನಿಗೆ ತನ್ನ ಊರಿನ ನಂಟು ಘಟ್ಟದ ಕೆಳಗೆ ಉಳಿದಿತ್ತು, ಮೈಯಲ್ಲಿ ಜ್ವರ ಘಟ್ಟದ ಮೇಲಿತ್ತು. ಸ್ವಾತಂತ್ರ್ಯಾನಂತರ 1951ರಲ್ಲಿ ಬಂದ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಕೆಲಸಗಾರರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು ತೋಟದ ಮಾಲೀಕನ ಮೇಲೆ ಹೊರಿಸಿತು. ಅದು ದೊಡ್ಡ ಉಪಕಾರವೇ. ಆದರೂ ಆ ರಕ್ಷಣೆ ತೋಟದ ಕೆಲಸ ಇರುವಷ್ಟು ಕಾಲದ್ದು. ಕೆಲಸ ಬಿಟ್ಟ ದಿನ ಅದೂ ಬಿಟ್ಟುಹೋಗುತ್ತಿತ್ತು. ಇಂದು ನಮ್ಮ ಮಕ್ಕಳು ಪರದೇಶದಲ್ಲಿ ಪಡೆಯುವ ರಕ್ಷಣೆಗೂ ಇದೇ ಅಂಚು ಇದೆಯೆಂಬುದನ್ನು ಮುಂದೆ ಕಾಣುವಿರಿ.

ಈಗ ಶೀರ್ಷಿಕೆಯ ಮಾತಿಗೆ ಬರುತ್ತೇನೆ. 'ವಾಸ' ಎಂಬ ಪದಕ್ಕೆ 'ಪ್ರ' ಎಂಬ ಉಪಸರ್ಗ ಸೇರಿದರೆ 'ಪ್ರವಾಸ'ವಾಗುತ್ತದೆ. ಇದ್ದ ಮನೆಯನ್ನು ಬಿಟ್ಟು ಹೋಗಿರುವುದು ಎಂದು ಅರ್ಥ. ವಿಮಾ ಕಂಪನಿಗಳು ನಮಗೆ ಸುಲಭವಾಗಿ, ಅಗ್ಗವಾಗಿ ಮಾರುವುದು ಪ್ರವಾಸದ ವಿಮೆ. ಅದರಲ್ಲಿ ಕಳೆದುಹೋದ ಪೆಟ್ಟಿಗೆಗೆ ಪರಿಹಾರವುಂಟು, ತಪ್ಪಿದ ವಿಮಾನಕ್ಕೆ ಪರಿಹಾರವುಂಟು, ಹಠಾತ್ತನೆ ಬಂದ ಕಾಯಿಲೆಗೆ ತುರ್ತು ಚಿಕಿತ್ಸೆಯೂ ಉಂಟು. ಯೂರೋಪಿನ ಷೆಂಗೆನ್ ದೇಶಗಳು ಅಲ್ಪಕಾಲದ ವೀಸಾ ಕೊಡುವಾಗ ಕೇಳುವ, ಕನಿಷ್ಠ 30,000 ಯೂರೋ ರಕ್ಷಣೆಯ ಪತ್ರ ಈ ಜಾತಿಯದು. ತುರ್ತು ತೀರಿದೊಡನೆ ಈ ವಿಮೆಯ ಕರ್ತವ್ಯ ತೀರಿತು. ಸಕ್ಕರೆ ಕಾಯಿಲೆಯವನಿಗೆ ಪ್ರತಿ ತಿಂಗಳು ಬೇಕಾದ ಔಷಧ, ವರ್ಷಕ್ಕೊಮ್ಮೆಯ ಕಣ್ಣಿನ ತಪಾಸಣೆ, ಬಸುರಿಯ ಆರೈಕೆ, ಕ್ಯಾನ್ಸರಿನ ಬಹುಕಾಲದ ಚಿಕಿತ್ಸೆ ಇವು ಅದರ ವ್ಯಾಪ್ತಿಗೆ ಸೇರುವುದಿಲ್ಲ. ರೋಗಿಯ ಸ್ಥಿತಿ ಪ್ರಯಾಣಕ್ಕೆ ತಕ್ಕಷ್ಟು ಸುಧಾರಿಸಿತೆಂದರೆ ಊರಿಗೆ ಹೊರಡಿ ಎನ್ನುವ ಹಕ್ಕನ್ನೂ ಎಷ್ಟೋ ಕಂಪನಿಗಳು ಇಟ್ಟುಕೊಂಡಿರುತ್ತವೆ. ಪ್ರವಾಸಿಗೆ ಇದು ಅನ್ಯಾಯವಲ್ಲ. ಅವನಿಗೆ ಹಿಂದಿರುಗಲು ಮನೆಯಿದೆ. ಆದರೆ ಐದು ವರ್ಷ, ಹತ್ತು ವರ್ಷ ಅಲ್ಲೇ ಇರುವವನಿಗೆ ಅದೇ ಮನೆ. ಅವನಿಗೆ ಬೇಕಾದದ್ದು ವಾಸದ ವಿಮೆ. ಇವೆರಡರ ಭೇದವನ್ನು ಅರಿಯದೆ ಕಂತಿನ ಮೊತ್ತವನ್ನು ಮಾತ್ರ ಹೋಲಿಸುವುದು ಕೊಡೆಯನ್ನೂ ಮಾಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ. ಕೊಡೆ ಅಗ್ಗವೇನೋ ಹೌದು. ಆದರೆ ಮಲೆನಾಡಿನ ಮಳೆಗಾಲವನ್ನು ಕೊಡೆಯ ಕೆಳಗೆ ಕಳೆಯಲಾಗದು.

ವಾಸದ ವಿಮೆ ಎಲ್ಲಿ ದೊರೆಯುತ್ತದೆ? ಇದು ಆಯಾ ದೇಶದ ಪದ್ಧತಿಯನ್ನು ಅವಲಂಬಿಸಿದೆ. ಆದ್ದರಿಂದ ಮೊದಲು ಅರಿಯಬೇಕಾದದ್ದು ಕಂಪನಿಯ ಹೆಸರನ್ನಲ್ಲ, ದೇಶದ ಕಟ್ಟಳೆಯನ್ನು.

ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲದಲ್ಲಿ, 1883ರಲ್ಲಿ, ಕಾರ್ಮಿಕರಿಗೆ ಕಾಯಿಲೆಯ ವಿಮೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂತು. ಇಂದಿಗೂ ಅಲ್ಲಿ ನೆಲೆಸುವವನು ವಿಮೆಯಿಲ್ಲದೆ ಇರುವಂತಿಲ್ಲ. ಓದಲು ಹೋಗುವ ನಮ್ಮ ಹುಡುಗರು ಮೂವತ್ತು ವರ್ಷ ತುಂಬುವವರೆಗೆ ವಿದ್ಯಾರ್ಥಿಗಳ ದರದಲ್ಲಿ ಸಾರ್ವಜನಿಕ ವಿಮೆಗೆ ಸೇರಬಹುದು. ಖಾಸಗಿ ವಿಮೆ ಮೊದಲಿಗೆ ಅಗ್ಗವೆಂದು ಕಾಣುವುದುಂಟು. ಆದರೆ ಓದಿನ ಆರಂಭದಲ್ಲಿ ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆದವನು ಆ ಓದು ಮುಗಿಯುವವರೆಗೆ ಹಿಂದಕ್ಕೆ ಬರುವಂತಿಲ್ಲ. ಒಂದು ಸಹಿಯಿಂದ ಬಾಗಿಲು ಮುಚ್ಚುತ್ತದೆ; ಆ ಸಹಿಯನ್ನು ಹಾಕುವವನು ಊರು ಬಿಟ್ಟು ಒಂದು ವಾರವೂ ಆಗಿರದ ಇಪ್ಪತ್ತೆರಡರ ಹುಡುಗ.

ಬ್ರಿಟನ್ನಿನಲ್ಲಿ 1948ರಿಂದ ರಾಷ್ಟ್ರೀಯ ಆರೋಗ್ಯ ಸೇವೆ ನಡೆದುಬಂದಿದೆ. ಆರು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಹೋಗುವ ಪರದೇಶೀಯರಿಂದ 2015ರಿಂದ ಆರೋಗ್ಯ ಸರ್ಚಾರ್ಜ್ ಎಂಬ ಶುಲ್ಕವನ್ನು ತೆಗೆದುಕೊಳ್ಳುತ್ತಿದ್ದಾರೆ. ಆರಂಭದಲ್ಲಿ ವರ್ಷಕ್ಕೆ 200 ಪೌಂಡು ಇದ್ದ ಈ ಶುಲ್ಕ 2024ರ ಫೆಬ್ರವರಿಯಿಂದ ವಯಸ್ಕರಿಗೆ 1,035 ಪೌಂಡು, ವಿದ್ಯಾರ್ಥಿಗಳಿಗೂ ಮಕ್ಕಳಿಗೂ 776 ಪೌಂಡು ಆಯಿತು. ವೀಸಾದ ಅಷ್ಟೂ ವರ್ಷಗಳ ಹಣವನ್ನು ಅರ್ಜಿಯ ಜೊತೆಯಲ್ಲೇ ತೆರಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳ ಕುಟುಂಬ ಐದು ವರ್ಷಕ್ಕೆ ಹೊರಟರೆ ಇದೊಂದೇ ಬಾಬತ್ತಿಗೆ 18,110 ಪೌಂಡು ಬೇಕಾಗುತ್ತದೆ. ಅದನ್ನು ತೆತ್ತವರಿಗೆ ಅಲ್ಲಿಯ ಆಸ್ಪತ್ರೆಯ ಬಾಗಿಲು ಅಲ್ಲಿಯ ಪ್ರಜೆಗಳಿಗೆ ತೆರೆದಂತೆಯೇ ತೆರೆದಿರುತ್ತದೆ. ಹಲ್ಲು, ಕಣ್ಣುಗಳ ವೆಚ್ಚ ಮಾತ್ರ ಹೆಚ್ಚಾಗಿ ಬೇರೆ. ಆದರೆ ಅವರನ್ನು ನೋಡಲು ಆರು ತಿಂಗಳೊಳಗಿನ ವೀಸಾದಲ್ಲಿ ಹೋದ ತಂದೆತಾಯಿ ಆಸ್ಪತ್ರೆ ಸೇರಿದರೆ, ಸರ್ಕಾರಿ ದರದ ಒಂದೂವರೆ ಪಟ್ಟು ತೆರಬೇಕಾಗುತ್ತದೆ. ಒಂದೇ ಮನೆಯೊಳಗೆ ಮಗ ವಾಸಿ, ತಂದೆ ಪ್ರವಾಸಿ.

ಕೊಲ್ಲಿ ರಾಷ್ಟ್ರಗಳಲ್ಲಿ ಆರೋಗ್ಯವಿಮೆಯ ಹೊಣೆ ಬಹುಮಟ್ಟಿಗೆ ಕೆಲಸ ಕೊಟ್ಟವನದು. ಸೌದಿ ಅರೇಬಿಯಾದಲ್ಲಿ 1999ರ ಕಾನೂನು, ದುಬೈಯಲ್ಲಿ 2013ರ ಕಾನೂನು ಇದನ್ನು ವಿಧಿಸಿವೆ. ಷಾರ್ಜಾ ಮೊದಲಾದ ಉತ್ತರದ ಎಮಿರೇಟುಗಳಲ್ಲಿ ಖಾಸಗಿ ನೌಕರರಿಗೆ 2025ರ ಜನವರಿ 1ರಿಂದ ಕಡ್ಡಾಯವಾಯಿತು. ದುಬೈಯ ಕನಿಷ್ಠ ವಿಮೆಯಲ್ಲಿ ವರ್ಷಕ್ಕೆ 1,50,000 ದಿರ್ಹಮ್‌ವರೆಗಿನ ವೆಚ್ಚ ಸೇರುತ್ತದೆ. ಅದರ ಕಂತನ್ನು ಕೆಲಸಗಾರನ ಸಂಬಳದಿಂದ ಮುರಿದುಕೊಳ್ಳುವಂತಿಲ್ಲ. ಈ ಕೊನೆಯ ಮಾತು ನಮ್ಮ ಹುಡುಗರಿಗೆ ತಿಳಿದಿರಬೇಕು. ಇದಲ್ಲದೆ ನಮ್ಮ ಸರ್ಕಾರವೇ 2003ರಲ್ಲಿ ಆರಂಭಿಸಿದ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಇದೆ. ವಲಸೆ ಅನುಮತಿ ಬೇಕಾದ ಪಾಸ್‌ಪೋರ್ಟಿನ ಮೇಲೆ ಕೆಲಸಕ್ಕೆ ಹೋಗುವವರಿಗೆ ಅದು ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಿಂದ ಮರಣವಾದರೆ ಅಥವಾ ಶಾಶ್ವತವಾಗಿ ಅಂಗ ಊನವಾದರೆ 10 ಲಕ್ಷ ರೂಪಾಯಿ ದೊರೆಯುತ್ತದೆ. ಆಸ್ಪತ್ರೆಯ ವೆಚ್ಚಕ್ಕೆ 1 ಲಕ್ಷದ ಮಿತಿ. ಈ ಹೆಸರಿನಲ್ಲಿರುವ ಬಿಮಾ ಎಂಬ ಮಾತನ್ನು ನಂಬಿ ಇದೇ ಪೂರ್ಣ ಆರೋಗ್ಯವಿಮೆಯೆಂದು ತಿಳಿಯಬಾರದು. ಮುಖ್ಯವಾಗಿ ಇದು ಅಪಘಾತಕ್ಕೆ ಒದಗುವ ಆಸರೆ.

ಅಮೆರಿಕದ ಸಂಯುಕ್ತ ಸಂಸ್ಥಾನದ ರೀತಿಯೇ ಬೇರೆ. ಅಲ್ಲಿ ದುಡಿಯುವ ವಯಸ್ಸಿನ ಬಹುಪಾಲು ಜನರಿಗೆ ವಿಮೆ ನೌಕರಿಯ ಮೂಲಕ ಬರುತ್ತದೆ. ನೌಕರಿ ಹೋದರೆ ಸಾಮಾನ್ಯವಾಗಿ ಹದಿನೆಂಟು ತಿಂಗಳು ಅದೇ ವಿಮೆಯನ್ನು ಉಳಿಸಿಕೊಳ್ಳಬಹುದು. ಆದರೆ ಮಾಲೀಕ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಪೂರ್ಣ ಕಂತನ್ನು ತಾನೇ ಕಟ್ಟಬೇಕು. 2010ರ ಸುಧಾರಣೆಯ ಕಾಯ್ದೆಯಿಂದಾಗಿ, ಮೊದಲೇ ಕಾಯಿಲೆಯಿದೆಯೆಂಬ ಕಾರಣಕ್ಕೆ ಪ್ರಮುಖ ವೈದ್ಯಕೀಯ ವಿಮೆಗಳನ್ನು ನಿರಾಕರಿಸುವುದು 2014ರಿಂದ ನಿಂತಿತು. ಆದರೆ ಪ್ರವಾಸಿಗಳಿಗೆ ಮಾರುವ ವಿಮೆಗಳಿಗೆ ಆ ಕಟ್ಟಳೆ ಹತ್ತುವುದಿಲ್ಲ. ಮಕ್ಕಳ ಮೂಲಕ ಗ್ರೀನ್ ಕಾರ್ಡ್ ಪಡೆದು ಅರವತ್ತೈದು ದಾಟಿದ ಮೇಲೆ ಹೋಗುವ ತಂದೆತಾಯಿ, ಅಲ್ಲಿಯ ವೃದ್ಧರ ಮೆಡಿಕೇರ್ ತಮಗೂ ಒಡನೆಯೇ ದೊರೆಯುವುದೆಂದು ನಂಬುವುದುಂಟು. ಸ್ವತಃ ಅಲ್ಲಿ ದುಡಿದು ತೆರಿಗೆ ತೆರದವರು ಐದು ವರ್ಷ ಎಡೆಬಿಡದೆ ಅಲ್ಲಿ ನೆಲೆಸಿದ ಮೇಲಷ್ಟೇ ಕಂತು ಕಟ್ಟಿ ಅದಕ್ಕೆ ಸೇರಬಹುದು. ಸೇರಿದ ಮೇಲೂ ಆ ಮೆಡಿಕೇರ್ ಸಾಮಾನ್ಯವಾಗಿ ಅಮೆರಿಕದ ಹೊರಗಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಅಂದರೆ ಅದನ್ನು ಪಡೆದವರು ಸಕಲೇಶಪುರಕ್ಕೆ ಹಿಂದಿರುಗಿ ಕಾಯಿಲೆ ಬಿದ್ದರೆ ಅದರಿಂದ ಉಪಯೋಗವಿಲ್ಲ.

ಇಷ್ಟು ದೇಶಗಳ ಕಟ್ಟಳೆಗಳನ್ನು ಓದುವ ಪ್ರಸಂಗ ನನಗೇಕೆ ಬಂತೆಂದರೆ, ಈ ಪ್ರಶ್ನೆ ನನ್ನ ಮನೆಯೊಳಗೂ ಎದ್ದಿತು. ನನ್ನ ಮಗ ಕೆನಡಾದಲ್ಲಿದ್ದಾನೆ. "ಅಪ್ಪ, ನೀವೂ ಅಮ್ಮನೂ ಎರಡು ವರ್ಷವಾದರೂ ಬಂದು ಇರಿ" ಎಂದು ಅವನು ಒತ್ತಾಯಿಸುತ್ತಿದ್ದ. ತಂದೆತಾಯಿಗೆಂದೇ ಆ ದೇಶದವರು 2011ರಲ್ಲಿ ಸೂಪರ್ ವೀಸಾ ಎಂಬುದನ್ನು ತಂದಿದ್ದಾರೆ. 2022ರಿಂದ ಅದರ ಮೇಲೆ ಒಮ್ಮೆಗೆ ಐದು ವರ್ಷದವರೆಗೆ ಇರಬಹುದು. ಅದಕ್ಕೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರುಗಳ, ಕನಿಷ್ಠ ಒಂದು ವರ್ಷದ ವಿಮೆ ಬೇಕು. ಚಿಕಿತ್ಸೆ, ಆಸ್ಪತ್ರೆವಾಸ, ಸ್ವದೇಶಕ್ಕೆ ಮರಳಿಸುವುದು ಮೂರೂ ಅದರಲ್ಲಿ ಸೇರಿರಬೇಕು. ನನ್ನ ಪತ್ನಿಗೆ ಹನ್ನೆರಡು ವರ್ಷದಿಂದ ರಕ್ತದೊತ್ತಡವಿದೆ. ನಾವು ನೋಡಿದ ಪಾಲಿಸಿಯಲ್ಲಿ, ಮೊದಲೇ ಇರುವ ಕಾಯಿಲೆಯೂ 'ಸ್ಥಿರ'ವಾಗಿದ್ದರೆ ರಕ್ಷಣೆಯುಂಟು ಎಂದು ಬರೆದಿತ್ತು. ಓದಿ ಸಮಾಧಾನವಾಯಿತು. ಆದರೆ 'ಸ್ಥಿರ' ಎಂಬ ಮಾತಿನ ಅರ್ಥವನ್ನು ಅವರು ಹದಿನೇಳನೆಯ ಪುಟದಲ್ಲಿ ಬೇರೆಯಾಗಿ ಕೊಟ್ಟಿದ್ದರು: ವಿಮೆ ಆರಂಭವಾಗುವ ದಿನಕ್ಕೆ ಹಿಂದಿನ 180 ದಿನಗಳಲ್ಲಿ ಹೊಸ ಲಕ್ಷಣ ಕಂಡಿರಬಾರದು, ಹೊಸ ಔಷಧ ಕೊಟ್ಟಿರಬಾರದು, ಇದ್ದ ಔಷಧದ ಪ್ರಮಾಣ ಬದಲಾಗಿರಬಾರದು. ಎರಡು ತಿಂಗಳ ಹಿಂದಷ್ಟೇ ಹಾಸನದ ವೈದ್ಯರು ಆಕೆಯ ಒತ್ತಡ ಹತೋಟಿಗೆ ಬಂದಿದೆಯೆಂದು ಸಂತೋಷಪಟ್ಟು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದರು. ವೈದ್ಯರ ಭಾಷೆಯಲ್ಲಿ ಅದು ಗುಣ; ವಿಮೆಯ ಭಾಷೆಯಲ್ಲಿ ಅದು ಬದಲಾವಣೆ. ಬದಲಾವಣೆಯೆಂದರೆ ಅಸ್ಥಿರತೆ. ಆ ಸ್ಥಿತಿಯಲ್ಲಿ ಹೊರಟು, ಅಲ್ಲಿ ಒತ್ತಡದ ಕಾರಣದಿಂದಲೇ ಆಕೆಗೆ ಏನಾದರೂ ಆಗಿದ್ದರೆ ವೆಚ್ಚವೆಲ್ಲ ಮಗನ ಮೇಲೆ ಬೀಳುತ್ತಿತ್ತು.

ವಿಷಯವನ್ನು ಏಜೆಂಟರೊಬ್ಬರ ಮುಂದಿಟ್ಟೆ. "ಅದನ್ನೆಲ್ಲ ಅರ್ಜೀಲಿ ಬರೀಬೇಡಿ ಸಾರ್, ಯಾರು ನೋಡ್ತಾರೆ?" ಎಂದರು. ಯಾರು ನೋಡುತ್ತಾರೆಂಬುದು ಅವರಿಗೂ ಗೊತ್ತಿತ್ತು. ಕಂತು ಕಟ್ಟಿಸಿಕೊಳ್ಳುವಾಗ ಯಾರೂ ನೋಡುವುದಿಲ್ಲ. ಹಣ ಕೇಳಿದ ದಿನ ಹನ್ನೆರಡು ವರ್ಷದ ಚೀಟಿಗಳನ್ನೆಲ್ಲ ತರಿಸಿ ನೋಡುತ್ತಾರೆ. ಮುಚ್ಚಿಟ್ಟ ಕಾಯಿಲೆಯಷ್ಟು ಸುಲಭವಾಗಿ ವಿಮೆಯನ್ನು ಮುರಿಯುವ ಸಾಧನ ಇನ್ನೊಂದಿಲ್ಲ. ನಾವು ಪ್ರಯಾಣವನ್ನೇ ಮುಂದಕ್ಕೆ ಹಾಕಿದೆವು. ಮಾತ್ರೆ ಬದಲಾದ ದಿನದಿಂದ 180 ದಿನ ಎಣಿಸಿ, ಅದಾದ ಮೇಲಿನ ದಿನಾಂಕಕ್ಕೆ ವಿಮೆಯನ್ನು ಕೊಂಡೆವು. ಆ ತಿಂಗಳುಗಳಲ್ಲಿ ನನ್ನ ಪತ್ನಿ ಮೊಮ್ಮಗಳ ಮೊದಲ ಹುಟ್ಟುಹಬ್ಬವನ್ನು ಫೋನಿನ ಗಾಜಿನಲ್ಲಿ ನೋಡಬೇಕಾಯಿತು. ಒಂದು ವಿಶೇಷಣದ ಅರ್ಥಕ್ಕೆ ಆಕೆ ತೆತ್ತ ಬೆಲೆ ಅದು.

ವಿಮೆಯ ಪತ್ರವನ್ನು ಓದುವ ಬಗೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಕಾವ್ಯದಲ್ಲಿ ಧ್ವನಿಯೇ ಆತ್ಮವೆಂದು ಆನಂದವರ್ಧನ ಹೇಳಿದ್ದಾನೆ. ನಾವೆಲ್ಲ ತರಗತಿಯಲ್ಲಿ ಅದನ್ನೇ ಕಲಿಸಿದವರು. ವಿಮೆಯ ಪತ್ರದಲ್ಲಿ ಧ್ವನಿಗೆ ಬೆಲೆಯಿಲ್ಲ; ಅಭಿಧೆಯೊಂದೇ ಪ್ರಮಾಣ. ಮೊದಲ ಪುಟದ ಬಣ್ಣದ ಚಿತ್ರದಲ್ಲಿ ನಗುವ ಅಜ್ಜ ಅಜ್ಜಿಯರಿಂದ ವ್ಯಂಜಿತವಾಗುವ ಅಭಯ ಯಾವ ನ್ಯಾಯಾಲಯದಲ್ಲೂ ನಿಲ್ಲುವುದಿಲ್ಲ. ಆದ್ದರಿಂದ ಓದನ್ನು ಕೊನೆಯಿಂದ ಆರಂಭಿಸಬೇಕು: ಮೊದಲು ಪಾರಿಭಾಷಿಕ ಪದಗಳ ಅರ್ಥ, ಆಮೇಲೆ ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಭಾಗ, ಕಡೆಗೆ ಯಾವುದಕ್ಕೆ ಕೊಡುತ್ತೇವೆ ಎಂಬ ಭಾಗ.

ಹೀಗೆ ಓದುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಮೊದಲನೆಯದು, ಈ ವಿಮೆ ಯಾವ ನೆಲದಲ್ಲಿ ನಡೆಯುತ್ತದೆ? ಅಂತರರಾಷ್ಟ್ರೀಯ ಎಂದು ಹೆಸರಿದ್ದರೂ ಅಮೆರಿಕವನ್ನು ಬಿಟ್ಟು, ಅಥವಾ ಸ್ವದೇಶವನ್ನು ಬಿಟ್ಟು ಎಂಬ ಮಾತು ಒಳಗೆ ಇರಬಹುದು. ವರ್ಷಕ್ಕೊಮ್ಮೆ ಊರಿಗೆ ಬರುವವನಿಗೆ ಈ ಎರಡನೆಯ ಮಾತು ಬಹಳ ಮುಖ್ಯ. ಎರಡನೆಯದು, ಮೊದಲೇ ಇರುವ ಕಾಯಿಲೆಗೆ ಎಷ್ಟು ಕಾಲ ಕಾಯಬೇಕು? ಆಸ್ಟ್ರೇಲಿಯಾಕ್ಕೆ ಓದಲು ಹೋಗುವವರು ವೀಸಾದ ಅವಧಿಗೆಲ್ಲ ಕೊಳ್ಳಬೇಕಾದ ವಿದ್ಯಾರ್ಥಿವಿಮೆಯಲ್ಲಿ ಅಂಥ ಕಾಯಿಲೆಗಳಿಗೆ ಹನ್ನೆರಡು ತಿಂಗಳು ಕಾಯಬೇಕಾಗುತ್ತದೆ. ಮೂರನೆಯದು, ನನ್ನ ಕೈಯಿಂದ ಎಷ್ಟು ಹೋಗುತ್ತದೆ? ಡಿಡಕ್ಟಿಬಲ್ ಎಂದರೆ ವಿಮೆಯವರು ಕೊಡುವ ಮುನ್ನ ನಾವೇ ತೆರಬೇಕಾದ ಮೊದಲ ಮೊತ್ತ. ಕೋ-ಪೇ ಎಂದರೆ ಆಮೇಲೂ ಪ್ರತಿ ಬಿಲ್ಲಿನಲ್ಲಿ ನಮ್ಮ ಪಾಲು. ಕಂತು ಕಡಿಮೆಯಾದಷ್ಟೂ ಈ ಎರಡು ಹೆಚ್ಚುವುದು ಸಾಮಾನ್ಯ. ನಾಲ್ಕನೆಯದು, ಪ್ರತಿಯೊಂದು ಚಿಕಿತ್ಸೆಗೂ ಇಷ್ಟೇ ಎಂದು ಮೊತ್ತ ಕಟ್ಟಿದ್ದಾರೆಯೇ? ಅಮೆರಿಕಕ್ಕೆ ಹೋಗುವ ತಂದೆತಾಯಿಗೆ ಮಾರುವ ಅಗ್ಗದ ಪಾಲಿಸಿಗಳು ಎಷ್ಟೋ ಇಂಥವು. ಒಟ್ಟು ಮೊತ್ತ ದೊಡ್ಡದಾಗಿ ಕಂಡರೂ ಆಸ್ಪತ್ರೆಯ ಒಂದು ದಿನಕ್ಕೆ ಅವರು ಕೊಡುವುದು ಬಿಲ್ಲಿನ ಸಣ್ಣ ಪಾಲು ಮಾತ್ರ.

ಐದನೆಯ ಪ್ರಶ್ನೆಯನ್ನು ಕೇಳಲು ಮನಸ್ಸು ಹಿಂಜರಿಯುತ್ತದೆ: ಸ್ಥಳಾಂತರ ಮತ್ತು ಮರಣ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದಾಗ ರೋಗಿಯನ್ನು ಮಂಗಳೂರಿಗೆ ಒಯ್ಯಲಾಗದೆ ಹಾಸನದತ್ತ ತಿರುಗಿಸಿದ ಅನುಭವ ನಮ್ಮ ಸೀಮೆಯವರಿಗಿದೆ. ವಿಮೆಯ ಸ್ಥಳಾಂತರವೂ ಸಾಮಾನ್ಯವಾಗಿ ಹತ್ತಿರದ ತಕ್ಕ ಆಸ್ಪತ್ರೆಗೆ; ನಾವು ಬಯಸಿದ ಊರಿಗಲ್ಲ. ಊರಿಗೆ ಕಳುಹಿಸುವ ಮಾತು ಬೇರೆಯಾಗಿ ಬರೆದಿದ್ದರೆ ಮಾತ್ರ ಉಂಟು. ಪಾರ್ಥಿವ ಶರೀರವನ್ನು ಮನೆಗೆ ತಲುಪಿಸುವ ವೆಚ್ಚವೂ ಹಾಗೆಯೇ. ಅಮೆರಿಕಕ್ಕೆ ವಿನಿಮಯ ವೀಸಾದಲ್ಲಿ ಹೋಗುವ ಸಂಶೋಧಕರ ವಿಮೆಯಲ್ಲಿ ಸ್ಥಳಾಂತರಕ್ಕೆ 50,000 ಡಾಲರು, ಪಾರ್ಥಿವ ಶರೀರದ ಸಾಗಣೆಗೆ 25,000 ಡಾಲರು ಇರಲೇಬೇಕೆಂದು ಅಲ್ಲಿಯ ಸರ್ಕಾರ ವಿಧಿಸಿದೆ. ಕಾನೂನು ಕೇಳದಿರುವ ಕಡೆಯಲ್ಲೂ ನಾವೇ ಇದನ್ನು ಕೇಳಿ ಪಡೆಯಬೇಕು. ಏನೂ ಇಲ್ಲದೆ ಸಂಕಟಕ್ಕೆ ಸಿಕ್ಕಿದವರಿಗೆ ಭಾರತೀಯ ದೂತಾವಾಸಗಳಲ್ಲಿ 2009ರಿಂದ ಒಂದು ಸಮುದಾಯ ಕಲ್ಯಾಣ ನಿಧಿಯಿದೆ; ಅರ್ಹರಾದವರಿಗೆ ಅದು ನೆರವಾಗುತ್ತದೆ. ಅದನ್ನು ತಿಳಿದಿರಬೇಕು, ಅದನ್ನೇ ನೆಚ್ಚಬಾರದು.

ಈಗ ನಾನು ಮುಖ್ಯವೆಂದು ತಿಳಿದಿರುವ, ಆದರೆ ಹೆಚ್ಚಿನವರು ಮರೆಯುವ ಮಾತು. ಪರದೇಶದ ವಿಮೆ ಎಷ್ಟೇ ಒಳ್ಳೆಯದಿರಲಿ, ಅದು ಆ ದಡದ ದೋಣಿ. ಈ ದಡಕ್ಕೆ ಹಿಂದಿರುಗಿದ ದಿನ ಅದು ಅಲ್ಲೇ ಉಳಿಯುತ್ತದೆ. ಆಲೂರು ಕಡೆಯ ಒಬ್ಬರನ್ನು ಬಲ್ಲೆ. ಇಪ್ಪತ್ತೆರಡು ವರ್ಷ ಕೊಲ್ಲಿಯಲ್ಲಿ ದುಡಿದರು. ಅಷ್ಟು ಕಾಲವೂ ಕಂಪನಿಯ ವಿಮೆಯಿತ್ತು. ತಂಗಿಯರ ಮದುವೆ ಮಾಡಿದರು, ಮನೆ ಕಟ್ಟಿಸಿದರು. ಐವತ್ತಾರನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆಯನ್ನೂ ಒಂದು ಸ್ಟೆಂಟನ್ನೂ ಹೊತ್ತು ಹಿಂದಿರುಗಿದರು. ಇಲ್ಲಿ ವಿಮೆ ಕೇಳಿದಾಗ ಒಂದು ಕಂಪನಿ ನಿರಾಕರಿಸಿತು. ಇನ್ನೊಂದು ಹೆಚ್ಚಿನ ಕಂತು ಹೇಳಿ, ಹೃದಯಕ್ಕೆ ಸಂಬಂಧಿಸಿದ್ದಕ್ಕೆ ಮೂರು ವರ್ಷ ಕಾಯಬೇಕೆಂದಿತು. ಎರಡನೆಯ ವರ್ಷವೇ ಎದೆನೋವು ಬಂತು. ಮನೆಯ ಹಿಂದಿನ ಎರಡು ಎಕರೆ ಮಾರಾಟವಾಯಿತು. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಆರೋಗ್ಯವಾಗಿದ್ದ ಮೂವತ್ತೈದರ ವಯಸ್ಸಿನಲ್ಲಿ ಈ ದಡದಲ್ಲೂ ಒಂದು ದೋಣಿ ಕಟ್ಟಿಡಬೇಕೆಂದು ಅವರಿಗೆ ಹೇಳುವವರು ಇರಲಿಲ್ಲ.

ಕಟ್ಟಿಡುವುದು ಸಾಧ್ಯವಿದೆ. ನಮ್ಮ ದೇಶದಲ್ಲಿ ಮೆಡಿಕ್ಲೈಮ್ ಎಂಬ ಹೆಸರಿನಿಂದ ಆರೋಗ್ಯವಿಮೆ 1986ರಲ್ಲಿ ಆರಂಭವಾಯಿತು. ಅನಿವಾಸಿಗಳೂ ಇಲ್ಲಿಯ ಪಾಲಿಸಿಯನ್ನು ಕೊಂಡು ವರ್ಷವರ್ಷವೂ ನವೀಕರಿಸಿಕೊಂಡು ಬರಬಹುದು. ಸಾಮಾನ್ಯವಾಗಿ ಅದು ಭಾರತದೊಳಗಿನ ಚಿಕಿತ್ಸೆಗೆ ಸಲ್ಲುತ್ತದೆ. 2024ರ ಏಪ್ರಿಲಿನಿಂದ ಜಾರಿಗೆ ಬಂದ ನಿಯಮಗಳಂತೆ, ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಅವಧಿ 36 ತಿಂಗಳನ್ನು ಮೀರುವಂತಿಲ್ಲ. 60 ತಿಂಗಳು ಎಡೆಬಿಡದೆ ನಡೆದುಬಂದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, ಕಾಯಿಲೆ ಹೇಳಲಿಲ್ಲವೆಂಬ ಕಾರಣದಿಂದ ಹಣವನ್ನು ನಿರಾಕರಿಸುವಂತಿಲ್ಲ. ಅರವತ್ತೈದಾದ ಮೇಲೆ ಹೊಸ ವಿಮೆಯಿಲ್ಲ ಎಂಬ ಹಳೆಯ ಅಡ್ಡಿಯೂ ಹೋಗಿದೆ. ವ್ಯಕ್ತಿಗಳೂ ಕುಟುಂಬಗಳೂ ಕೊಳ್ಳುವ ಆರೋಗ್ಯವಿಮೆಯ ಮೇಲಿನ ಸರಕು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದಾರೆ. ನೆರೆಯ ಕೇರಳ 2025ರಲ್ಲಿ ತನ್ನ ಅನಿವಾಸಿಗಳಿಗೆಂದೇ ನೋರ್ಕಾ ಕೇರ್ ಎಂಬ ಗುಂಪು ವಿಮೆಯನ್ನು ಆರಂಭಿಸಿತು. ಯಶಸ್ವಿನಿಯಂಥ ಯೋಜನೆಯನ್ನು 2003ರಲ್ಲೇ ಸಹಕಾರಿ ರೈತರಿಗೆ ತಂದು, ತಿಂಗಳಿಗೆ ಐದು ರೂಪಾಯಿಯ ಮುಯ್ಯಿಯಿಂದ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿ ತೋರಿದ ನಾಡು ನಮ್ಮದು. ಪರದೇಶದಲ್ಲಿರುವ ಕನ್ನಡಿಗರಿಗೂ ಅಂಥದೊಂದು ಮುಯ್ಯಿಯನ್ನು ಕಟ್ಟುವುದು ನಮಗೆ ಅಸಾಧ್ಯವೆಂದು ನಾನು ನಂಬುವುದಿಲ್ಲ.

ಹೀಗಾಗಿ ಆಯ್ಕೆಯ ಕ್ರಮ ಇದು. ಹೊರಡುವ ಮುನ್ನ, ನಾನು ಹೋಗುತ್ತಿರುವುದು ಪ್ರವಾಸಕ್ಕೋ ವಾಸಕ್ಕೋ ಎಂದು ಕೇಳಿಕೊಳ್ಳಬೇಕು. ವಾಸಕ್ಕಾದರೆ ಆ ದೇಶದ ಸಾರ್ವಜನಿಕ ವ್ಯವಸ್ಥೆಯೊಳಗೆ ನನಗೆ ಪ್ರವೇಶವಿದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಅದನ್ನು ಕಳೆದುಕೊಳ್ಳುವ ಯಾವ ಸಹಿಯನ್ನೂ ಹಾಕಬಾರದು. ಇಲ್ಲದಿದ್ದರೆ, ಅಥವಾ ಇದ್ದೂ ಸಾಲದಿದ್ದರೆ, ಕಂಪನಿಯ ವಿಮೆಯನ್ನು ಹುಡುಕಬೇಕು. ನೌಕರಿಗೆ ಕಟ್ಟುಬಿದ್ದ ವಿಮೆಯಾದರೆ, ನೌಕರಿ ಹೋದ ಮರುದಿನ ಏನು ಎಂಬುದಕ್ಕೆ ಉತ್ತರ ಸಿದ್ಧವಿರಬೇಕು. ಕಾಯಿಲೆಯಿದ್ದರೆ ಇದ್ದಂತೆ ಬರೆಯಬೇಕು. ಪಾಲಿಸಿಯ ಸಂಖ್ಯೆಯೂ ತುರ್ತು ಫೋನಿನ ಸಂಖ್ಯೆಯೂ ಇರುವ ಒಂದು ಕಾಗದ ಹೋದವರ ಜೇಬಿನಲ್ಲೊಂದು, ಊರಿನ ಮನೆಯ ಬೀರುವಿನಲ್ಲೊಂದು ಇರಬೇಕು. ಆಸ್ಪತ್ರೆ ಸೇರಿದ ಸುದ್ದಿಯನ್ನು ಇಷ್ಟು ಗಂಟೆಯೊಳಗೆ ತಿಳಿಸದಿದ್ದರೆ ಹಣ ಕಡಿಮೆಯಾಗುವ ಪಾಲಿಸಿಗಳಿವೆ. ಮತ್ತು ಆರೋಗ್ಯವಾಗಿರುವಾಗಲೇ, ಊರಿನ ಕಡೆಯೂ ಒಂದು ವಿಮೆಯನ್ನು ಆರಂಭಿಸಿ ಬಿಡದೆ ನಡೆಸಿಕೊಂಡು ಬರಬೇಕು.

ತೋಟದ ಮನೆಯಲ್ಲಿ ಉಳಿದಿರುವ ತಂದೆತಾಯಿಗೆ ಕಡೆಯ ಮಾತೊಂದು. ಮಗನೋ ಮಗಳೋ ಫೋನು ಮಾಡಿದಾಗ ಊಟವಾಯಿತೇ, ಅಲ್ಲಿ ಚಳಿಯೇ ಎಂದು ಕೇಳುತ್ತೇವೆ. ಇನ್ನು ಮುಂದೆ ಅದರ ಜೊತೆಗೆ, ನಿನ್ನ ವಿಮೆ ಯಾವ ತಾರೀಖಿನವರೆಗೆ ಇದೆ ಎಂದೂ ಕೇಳೋಣ. ಉತ್ತರ ಥಟ್ಟನೆ ಬರದಿದ್ದರೆ, ಬರುವವರೆಗೆ ಫೋನನ್ನು ಇಡದಿರೋಣ.